ಕೆಂಪು ಕಣ್ಣಿನ ಡಬ್ಬಿ

ಅಲಖನೂರಿನ ಮಾಳು ಹಾಡುವ ಒಂದು ಪದದಲ್ಲಿ ಹುಡುಗಿಯೊಬ್ಬಳು ಹನ್ನೊಂದು ವರ್ಷದಿಂದ ಕೃಷ್ಣಾ ಹೊಳೆಯ ನಡುನೀರಿನಲ್ಲಿ ನಿಂತಿದ್ದಳು.

ಅದು ಡೊಳ್ಳಿನ ಪದ. ಏಳು ಅಣ್ಣಂದಿರ ಒಬ್ಬಳೇ ತಂಗಿ ಕುರಿಹಿಂಡನ್ನು ಹೊಳೆ ದಾಟಿಸುವ ಕತೆ. ಮಾಳುವಿನ ಅಪ್ಪ ಸತ್ತೆಪ್ಪ ಅದನ್ನು ಹಿಡಿದನೆಂದರೆ ಎರಡು ತಾಸು ಜನ ಅಲ್ಲಾಡುತ್ತಿರಲಿಲ್ಲ. ಸತ್ತೆಪ್ಪ ತೀರಿಕೊಂಡ ಮೇಲೆ ಮೇಳ ಮಗನ ಕೈಗೆ ಬಂತು, ಪದ ಮಾತ್ರ ಮುಕ್ಕಾಲು ಬಂತು. ಹಿಂಡು ಆಚೆ ದಂಡೆ ಏರಿತು, ಮಂಜು ಮುಸುಕಿತು, ನೀರು ಹುಡುಗಿಯ ಕುತ್ತಿಗೆ ಮುಟ್ಟಿತು, ಅಲ್ಲಿಗೆ ಮಾಳು ಡೊಳ್ಳಿಗೆ ಕೈಮುಗಿದು ಕೂತುಬಿಡುತ್ತಿದ್ದ. ಮುಂದಿನದು ಅವನಿಗೆ ಗೊತ್ತಿರಲಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಅಪ್ಪ ಹಾಡುವಷ್ಟು ಕಾಲವೂ ಮಾಳು ಪಕ್ಕದಲ್ಲಿ ಡೊಳ್ಳು ಬಡಿದವನೇ ಹೊರತು ಹಿಂದೆ ನಿಂತು ಸೊಲ್ಲು ಹೇಳಿದವನಲ್ಲ. ಕೈಗೆ ಎಲ್ಲ ಗೊತ್ತಿತ್ತು, ಬಾಯಿಗೆ ಏನೂ ಉಳಿದಿರಲಿಲ್ಲ.

ತಾನೇ ನಾಲ್ಕು ನುಡಿ ಕಟ್ಟಿ ಮುಗಿಸಬಹುದಿತ್ತಲ್ಲ ಎಂದರೆ, ಅವರ ಮೇಳಗಳಲ್ಲಿ ಅದು ನಡೆಯದು. ಹಾಡು ನಿಂತ ಕೂಡಲೇ ಎದುರಿನ ಮೇಳದವನು ಎದ್ದು ‘ಈ ನುಡಿ ಯಾರದು?’ ಎಂದು ಕೇಳಬಹುದು. ಯಾರಿಂದ ಬಂತೆಂದು ಹೆಸರು ಹಿಡಿದು ಹೇಳಬೇಕು. ಅಪ್ಪನ ಹೆಸರಿನಲ್ಲಿ ಸುಳ್ಳು ಹೇಳುವುದು ಮಾಳುವಿನಿಂದ ಆಗದ ಮಾತು. ಹಾಗಾಗಿ ಹುಡುಗಿ ನೀರಿನಲ್ಲೇ ಉಳಿದಳು.

ಜನ ಬಿಡುತ್ತಾರೆಯೇ? ಐನಾಪುರದಲ್ಲಿ ಒಮ್ಮೆ ಪದ ಮುಗಿಸಿ ಕೂತಾಗ ಹಿಂದಿನಿಂದ ಯಾರೋ ಕೂಗಿದರು: “ಮಾಳಣ್ಣಾ, ಆ ಹುಡುಗಿಗಿ ಥಂಡಿ ಹತ್ತೈತೊ! ಒಂದ ಕಂಬಳಿನರೆ ಕೊಟ್ಟ ಬಾರೊ!” ಎಲ್ಲರೂ ನಕ್ಕರು. ಮಾಳುವೂ ನಕ್ಕ. ಆದರೆ ಬಸ್ಸಿನಲ್ಲಿ ಊರಿಗೆ ಬರುವಾಗ ನೀರು ಕುತ್ತಿಗೆ ಮುಟ್ಟುವ ನುಡಿಯನ್ನೇ ಮತ್ತೆ ಮತ್ತೆ ಗುನುಗುತ್ತ ಬಂದ.

ಇಂಥದರಲ್ಲಿ ಚಿಕ್ಕೋಡಿಯಿಂದ ಬಾಳಾಸಾಬ ಸರ್ ಫೋನ್ ಮಾಡಿದರು. ಕಾಲೇಜಿನಲ್ಲಿ ಕಲಿಸುತ್ತಿದ್ದವರು, ಇಪ್ಪತ್ತೆರಡು ವರ್ಷದ ಹಿಂದೆ ಮಾಳುವಿನ ಮನೆಯಂಗಳಕ್ಕೇ ಬಂದು ಸತ್ತೆಪ್ಪನ ಪದಗಳನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದರು. ಈಗ ನಿವೃತ್ತರಾಗಿ ಕಪಾಟು ಖಾಲಿ ಮಾಡುತ್ತಿದ್ದರು. ಮಾಳು ಹೋದಾಗ ಎಂಟು ಪುಟ್ಟ ಚೌಕ ಡಿಸ್ಕುಗಳನ್ನೂ ಅವನ್ನು ಓದಿಸುವ, ಹಾಸುಗಲ್ಲಿನಷ್ಟು ಭಾರದ ಒಂದು ಮಿನಿಡಿಸ್ಕ್ ಯಂತ್ರವನ್ನೂ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದರು.

“ಇದರಾಗ ನಿಮ್ಮಪ್ಪನ ಹೊಳಿ ಪದಾ ಪೂರ್ತಿ ಐತಿ,” ಎಂದರು. “ಆದ್ರ ಮಷೀನಿನ ಬಾಯಿ ಹೋಗೈತಿ. ಸ್ಪೀಕರ್ ಹಚ್ಚಿದ್ರ ಬರೇ ಗುಂಯ್ ಅಂತೈತಿ.”

“ಬಾಯಿ ಹೋದ್ರ ಕೇಳೂದು ಹೆಂಗ್ರಿ ಸರ?”

“ಹಿಂದ ಈ ಸಣ್ಣ ತೂತ ನೋಡು. ಇದರಾಗಿಂದ ಹಾಡು ಬೆಳಕ ಆಗಿ ಹೊರಗ ಬರ್ತೈತಿ. ಆ ಬೆಳಕ ಹಿಡದು ಕಂಪ್ಯೂಟರಿಗೆ ಕೊಡೂ ಒಂದು ಡಬ್ಬಿ ಬೇಕು. ಇಂಟರ್‌ಫೇಸ್ ಅಂತಾರ. ಡಿಜಿಟಲ್ ಇನ್‌ಪುಟ್ ಇದ್ದದ್ದು ತಗೊ. ಲಗೂನ ತಗೊ ಮಾಳು, ಇದರ ಲೆನ್ಸ್ ದಣದೈತಿ. ಮೂರ ಸಲಾ ಹಾಕಿದ್ರ ಒಂದ ಸಲಾ ಓದತೈತಿ. ಇನ್ನ ಎಷ್ಟ ದಿನಾ ಓದತೈತೊ.”

ಮಾಳು ಯಂತ್ರವನ್ನೂ ಡಿಸ್ಕುಗಳನ್ನೂ ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ.

ಮನೆಯಲ್ಲಿ ಕಂಪ್ಯೂಟರ್ ಇತ್ತು. ಮಗಳು ಸಪನಾ ರಾಯಬಾಗದಲ್ಲಿ ಬಿ.ಕಾಂ. ಓದುತ್ತಿದ್ದಳು, ಅವಳ ಹಳೇ ಲ್ಯಾಪ್‌ಟಾಪು. ಅವಳು ಮೊಬೈಲಿನಲ್ಲಿ ಹುಡುಕಿ ಹೇಳಿದಳು: “ಸಸ್ತಾ ಇದ್ದುವರಾಗ ಬರೇ ಮೈಕ್ ಹಚ್ಚೂ ತೂತ ಅದಾವಪ್ಪಾ, ಬೆಳಕಿನ ತೂತ ಇಲ್ಲ. ಅದ ಇರೂವು ಹನ್ನೆರಡ ಸಾವಿರದ ಮ್ಯಾಲನ.”

ಒಲೆಯ ಮುಂದಿದ್ದ ಹೆಂಡತಿ ಸುಗಂಧಾ ತಿರುಗಿ ನೋಡಿದಳು. “ಹನ್ನೆರಡ ಸಾವಿರಕ್ಕ ಒಂದ ಟಗರ ಬರ್ತೈತ್ರಿ. ಟಗರರೆ ಒದರತೈತಿ. ನಿಮ್ಮ ಡಬ್ಬಿ ಒದರತೈತೊ ಇಲ್ಲೊ ಯಾರಿಗ್ಗೊತ್ತು?”

ಹೊಸದರ ಮಾತು ಅಲ್ಲಿಗೆ ನಿಂತಿತು. ಮಾಳು ಹಳೆಯದನ್ನು ಹುಡುಕಹೊರಟ. ಅಥಣಿಯಲ್ಲಿ ಡಿಜೆ ಗಾಡಿ ಇಟ್ಟವನು ಎಲ್ಲ ಕೇಳಿಸಿಕೊಂಡು “ಇಷ್ಟೆಲ್ಲಾ ಯಾಕಣ್ಣಾ, ಬ್ಲೂಟೂತ್ ಹಚ್ಚು” ಎಂದ. ಕಾಗವಾಡದ ಫೋಟೊ ಸ್ಟುಡಿಯೋದವನು ಒಂದು ಕಪ್ಪು ಡಬ್ಬಿ ತೋರಿಸಿದ, ಅದು ಟೀವಿಯದು. ಕೊನೆಗೆ ರಾಯಬಾಗದ ಮೊಬೈಲ್ ಅಂಗಡಿಯವನು, ನಿಪ್ಪಾಣಿಯಲ್ಲಿ ಕಾಕಾಸಾಹೇಬ ಅಂತ ಒಬ್ಬನಿದ್ದಾನೆ, ಮುಚ್ಚಿದ ರೆಕಾರ್ಡಿಂಗ್ ಸ್ಟುಡಿಯೋ ಒಂದರ ಸಾಮಾನನ್ನೆಲ್ಲ ಒಟ್ಟಿಗೆ ಕೊಂಡು ತಂದಿಟ್ಟಿದ್ದಾನೆ, ಅಲ್ಲಿಗೆ ಹೋಗು ಎಂದ.

ನಿಪ್ಪಾಣಿಗೆ ಹೊರಟ ದಿನ ಸಪನಾಗೆ ಪರೀಕ್ಷೆ. ಚೀಟಿ ಬರೆದುಕೊಟ್ಟಳು. ಮಾಳು ಜೊತೆಗೆ ಲಗಮಣ್ಣನನ್ನು ಕರೆದುಕೊಂಡ. ಲಗಮಣ್ಣ ಅಪ್ಪನ ಓರಗೆಯವನು, ಮೇಳದಲ್ಲಿ ತಾಳ ಹಿಡಿದರೂ ಪದದ ಕೊನೆ ನೆನಪಿಡದವನು, ಕುರಿ ವ್ಯಾಪಾರದಲ್ಲಿ ಅವನ ಕಣ್ಣು ತಪ್ಪಿಸಿ ಒಂದು ಮರಿಯೂ ದಾಟುತ್ತಿರಲಿಲ್ಲ.

ಕಾಕಾಸಾಹೇಬ ಮೂಲತಃ ಮಂಟಪಕ್ಕೆ ಸ್ಪೀಕರ್ ಬಾಡಿಗೆ ಕೊಡುವವನು. ಅಂಗಡಿಯಲ್ಲಿ ತಂಬಾಕಿನ ವಾಸನೆ, ಆಳೆತ್ತರದ ಸ್ಪೀಕರುಗಳು, ನಡುವೆ ಮಾತಿಗೊಮ್ಮೆ ಮರಾಠಿ ಬೆರೆಸುವ ಅವನು.

“ಯಾ ಯಾ ಪಾವ್ಣ್ಯಾ, ಬಸಾ! ಕುಂಡ್ರಿ, ಏನ ಬೇಕಾಗಿತ್ತು?”

ಚೀಟಿಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದ. ಒಳಗಿನಿಂದ ಎರಡು ಡಬ್ಬಿ ತಂದ. ಎರಡೂ ಅಂಗೈ ಅಗಲದವು, ಎರಡರ ಮೇಲಿನ ಅಕ್ಷರವೂ ಕೈಯಾಡಿ ಅಳಿಸಿಹೋಗಿತ್ತು. ಎರಡರ ಹಿಂದೆಯೂ ಯಂತ್ರಕ್ಕಿದ್ದಂಥದೇ ಸಣ್ಣ ಚೌಕ ತೂತು, ಅದಕ್ಕೊಂದು ಪುಟ್ಟ ಮುಚ್ಚಳ. “ಇದರಾಗ ಯಾವದು ಏನು, ನನಗ ವಿಚಾರಬ್ಯಾಡ್ರಿ. ದೊಡ್ಡ ಬಾಕ್ಸಿಂದು ವಿಚಾರ್‍ರಿ, ಹೇಳ್ತೇನಿ,” ಎಂದವನೇ ಎರಡನ್ನೂ ತನ್ನ ಬಿಲ್ಲಿನ ಕಂಪ್ಯೂಟರಿಗೆ ಚುಚ್ಚಿದ.

ಕುರಿ ಕೊಳ್ಳುವವನು ಮೊದಲು ಹಲ್ಲು ನೋಡುವುದಿಲ್ಲ. ಕುರಿಯ ಕೆಳರೆಪ್ಪೆ ಎಳೆದು ಒಳಗಡೆ ನೋಡುತ್ತಾನೆ. ಕೆಂಪಗಿದ್ದರೆ ಮೈಯಲ್ಲಿ ರಕ್ತ ಇದೆ. ಬೆಳ್ಳಗಿದ್ದರೆ ಹೊಟ್ಟೆಯಲ್ಲಿ ಹುಳ. ಎಷ್ಟೇ ಉಣ್ಣೆ ತುಂಬಿರಲಿ, ಬಿಟ್ಟು ಮುಂದೆ ಹೋಗುತ್ತಾನೆ. ಮಾಳು ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಯಿತು. ಒಂದು ಡಬ್ಬಿಯ ಮುಚ್ಚಳವನ್ನು ಉಗುರಿನಿಂದ ಎತ್ತಿದ. ಒಳಗೆ ಕೆಂಪು ಬೆಳಕು, ನಿಗಿನಿಗಿ. ಇನ್ನೊಂದರ ಮುಚ್ಚಳ ಎತ್ತಿದ. ಕತ್ತಲು.

ಲಗಮಣ್ಣನೂ ಬಗ್ಗಿ ನೋಡಿದ. “ಇದು ಚಲೊ ಐತಲೇ. ಅದರಾಗ ರಕ್ತನ ಇಲ್ಲ.”

“ಅದಕ್ಕೂ ಮುಂದ ದೀಪಾ ಹತ್ತೈತಲ್ಲ ಕಾಕಾ, ಜೀವಾ ಐತಿ,” ಎಂದ ಮಾಳು ಲಗಮಣ್ಣನಿಗೆ.

“ಉಸರ ಐತಿ. ಆಟ ಎಷ್ಟ ದಿನದ್ದು?”

ಕಾಕಾಸಾಹೇಬನೂ ತಲೆಯಾಡಿಸಿದ. “ತೇ ಮೇಲಂಯ್. ಅದು ಸತ್ತೈತಿ, ಅದನ್ನ ಬಿಡ್ರಿ.”

ಎರಡೂವರೆ ಸಾವಿರಕ್ಕೆ ಕೆಂಪು ಕಣ್ಣಿನ ಡಬ್ಬಿ ಮಾಳುವಿನದಾಯಿತು. ಯಂತ್ರಕ್ಕೂ ಡಬ್ಬಿಗೂ ಜೋಡಿಸುವ ಬೆಳಕಿನ ಎಳೆಯನ್ನು ಕಾಕಾಸಾಹೇಬ ಪುಕ್ಕಟೆ ಕೊಟ್ಟ.

ಸಂಜೆ ಮನೆಮಂದಿಯೆಲ್ಲ, ಜೊತೆಗೆ ಲಗಮಣ್ಣನೂ, ಯಂತ್ರದ ಸುತ್ತ ಕೂತರು. ಮಾಳುವಿನ ಅವ್ವ ಅಕ್ಕುತಾಯಿ ಗೋಡೆಗೆ ಒರಗಿ, ಕಾಲು ಚಾಚಿ, ಉಣ್ಣೆ ಹಿಂಜುತ್ತಿದ್ದಳು. ಎರಡು ಸಲ ಡಿಸ್ಕನ್ನು ಉಗುಳಿದ ಯಂತ್ರ ಮೂರನೆಯ ಸಲ ಒಪ್ಪಿತು. ಮೇಲೆ ಅಂಕಿಗಳು ಓಡತೊಡಗಿದವು. ಅಂದರೆ ಒಳಗೆ ಸತ್ತೆಪ್ಪ ಹಾಡುತ್ತಿದ್ದ. ಲ್ಯಾಪ್‌ಟಾಪಿನಲ್ಲಿ ಮಾತ್ರ ಸದ್ದಿಲ್ಲ. ಸಪನಾ ಎಳೆ ಬಿಚ್ಚಿ ಮತ್ತೆ ಚುಚ್ಚಿದಳು, ಕಂಪ್ಯೂಟರ್ ಮುಚ್ಚಿ ತೆರೆದಳು, ಇಂಟರ್ನೆಟ್ಟಿನಲ್ಲಿ ಏನೇನೋ ಓದಿದಳು. ಆಮೇಲೆ ಯಂತ್ರದಿಂದ ಬಂದ ಎಳೆಯ ತುದಿಯನ್ನು ಅಂಗೈಗೆ ಹಿಡಿದಳು. ಅಂಗೈ ಮೇಲೆ ಕೆಂಪು ಚುಕ್ಕೆ ಬಿತ್ತು. ಡಬ್ಬಿಯ ತೂತಿಗೆ ಅಂಗೈ ಹಿಡಿದಳು. ಅಲ್ಲೂ ಕೆಂಪು.

“ಅಪ್ಪಾ,” ಎಂದಳು ನಿಧಾನಕ್ಕೆ, “ಬೆಳಕ ಬರೂ ತೂತು ಹಾಡೂ ತೂತು. ಮಷೀನೂ ಹಾಡಾಕತ್ತೈತಿ, ಡಬ್ಬಿನೂ ಹಾಡಾಕತ್ತೈತಿ. ಎದರಾಬದರಾ ಎರಡ ಮೇಳಾ ಕೂಡ್ಸಿದಂಗಾತು. ಕೇಳಾವ್ರ್ಯಾರು?”

“ಅಂದ್ರ?”

“ಕೇಳೂ ತೂತಿನ್ಯಾಗ ಬೆಳಕ ಇರೂದಿಲ್ಲಪ್ಪಾ. ಕತ್ತಲಿರತೈತಿ.”

ಮಾಳುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕಿವಿಯವರೆಗೂ ಬಿಸಿಯಾಯಿತು. ನಿಪ್ಪಾಣಿಯ ಅಂಗಡಿಯಲ್ಲಿ, ಕಣ್ಣು ಬೆಳ್ಳಗಿದೆ ಎಂದು ತಾನೇ ಕೈಯಾರೆ ಬದಿಗೆ ಸರಿಸಿದ ಡಬ್ಬಿ ನೆನಪಾಯಿತು. ನಡೆದದ್ದನ್ನು ಹೇಳಿದ. ಸುಗಂಧಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕಿ ಕುಲುಕಿ ನಕ್ಕಳು. “ಹುಳದ ಔಷಧ ಹಾಕಿ ತರಬೇಕಿಲ್ರಿ ಅದಕ!”

ಲಗಮಣ್ಣ ಮಾತ್ರ ಸೋಲಲಿಲ್ಲ. “ಕುರಿಗೆ ಅದ ಲೆಕ್ಕ ಖರೇ ಐತಿ,” ಎಂದ.

ಭಾನುವಾರ ಸಪನಾ ತಾನೇ ಹೊರಟಳು, ಲ್ಯಾಪ್‌ಟಾಪು ಬೆನ್ನಿಗೆ ಹಾಕಿಕೊಂಡು. ಲಗಮಣ್ಣನನ್ನು ಬಿಟ್ಟು ಅಪ್ಪ–ಮಗಳು ಇಬ್ಬರೇ. ದಾರಿಯುದ್ದಕ್ಕೂ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳು. ಚಿಕ್ಕೋಡಿ ದಾಟುವಷ್ಟರಲ್ಲೇ ಹನ್ನೊಂದಾಯಿತು. ಅಷ್ಟರಲ್ಲಿ ಆ ಡಬ್ಬಿಯನ್ನು ಮಾರಿದ್ದರೆ? ಗುಜರಿಗೆ ಹಾಕಿದ್ದರೆ? ಯಂತ್ರವಂತೂ ಹಿಂದಿನ ದಿನ ಐದನೆಯ ಸಲಕ್ಕೆ ಡಿಸ್ಕ್ ಓದಿತ್ತು. ಮಾಳು ಕಿಟಕಿಯ ಸರಳು ಹಿಡಿದು ಕೂತಿದ್ದ.

ಕಾಕಾಸಾಹೇಬ ಡಬ್ಬಿಯನ್ನು ಮಾರಿರಲಿಲ್ಲ. ಓಲಾಡುವ ಒಂದು ಸ್ಪೀಕರಿನ ಕಾಲಿಗೆ ಒತ್ತಾಗಿ ಇಟ್ಟಿದ್ದ.

“ಹೇ ಬಘಾ, ನೋಡ್ರಿ, ಸತ್ತದ್ದಕ್ಕನೂ ಕೆಲಸಾ ಹಚ್ಚೇನಿ!” ಎಂದು ನಗುತ್ತ ಎಳೆದುಕೊಟ್ಟ.

ಸಪನಾ ಅದನ್ನು ಲ್ಯಾಪ್‌ಟಾಪಿಗೆ ಚುಚ್ಚಿದಳು. ಪರದೆಯ ಮೇಲೆ ಏನೋ ಹೊಸ ಹೆಸರು ಮೂಡಿತು, ಅದರ ಕೆಳಗೆ ‘ಡಿಜಿಟಲ್ ಇನ್’. ಅವಳು ಅಪ್ಪನ ಕಡೆ ನೋಡಿದಳು. ಮಾಳು ಬೇರೆ ಕಡೆ ನೋಡಿದ. ವ್ಯಾಪಾರದಲ್ಲಿ ಮುಖ ಅರಳಿಸಬಾರದು. ಆದರೆ ಹುಡುಗಿಗೆ ಆ ವಿದ್ಯೆ ಇನ್ನೂ ಬಂದಿರಲಿಲ್ಲ, ಕಾಕಾಸಾಹೇಬನಿಗೆ ಕಣ್ಣಿತ್ತು.

“ಚಾಲೂ ಐತೇನ?” ಎಂದ. “ಮಲಾ ಮಾಹಿತ್ ಹೋತಂ! ನನಗ ಮೊದಲ ಗೊತ್ತಿತ್ತು, ಮಾಲ ಚಲೊ ಐತಂತ.”

“ಗೊತ್ತಿತ್ತಂದ್ರ ಕಾಲಾಗ ಯಾಕ ಇಟ್ಟಿದ್ರಿ?” ಎಂದಳು ಸಪನಾ.

“ಭದ್ರ ಐತಂತ ಇಟ್ಟಿದ್ನಿ!”

ಕಾಕಾಸಾಹೇಬನ ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡಿದವನು. ಮಾಳು ಅದನ್ನು ಅವನು ಹೆಗಲ ಮೇಲೆ ಟವೆಲ್ ಹಾಕಿದ ರೀತಿಯಲ್ಲೇ ಗುರುತು ಹಿಡಿದಿದ್ದ. ತನ್ನ ಟವೆಲ್ ತೆಗೆದು ಬಲಗೈ ಮೇಲೆ ಹೊದಿಸಿ ಮುಂದೆ ಚಾಚಿದ. ಕಾಕಾಸಾಹೇಬನ ಕಣ್ಣು ಮಿಂಚಿತು. ಸ್ಪೀಕರ್ ವ್ಯಾಪಾರಕ್ಕೆ ಬಿದ್ದ ಮೇಲೆ ಹೀಗೆ ಯಾರೂ ಅವನ ಮುಂದೆ ಕೈ ಚಾಚಿರಲಿಲ್ಲ. ಅವನೂ ಟವೆಲಿನ ಕೆಳಗೆ ಕೈ ತೂರಿಸಿದ. ಅಲ್ಲಿ, ದನದ ಸಂತೆಯ ಗುಟ್ಟಿನ ಬೆಲೆ ಮಾತಿನಲ್ಲಿ, ಬೆರಳು ಬೆರಳನ್ನು ಹಿಡಿಯಿತು, ಬಿಟ್ಟಿತು, ಎರಡು ಹಿಡಿಯಿತು, ಗಿಣ್ಣು ಒತ್ತಿತು. ಮೇಲೆ ಇಬ್ಬರ ಮುಖವೂ ಕಲ್ಲಿನ ಹಾಗೆ.

“ಏನಾಕತ್ತೈತಿ?” ಎಂದಳು ಸಪನಾ.

“ಸುಮ್ನಿರು.”

ಕೊನೆಗೆ ಕಾಕಾಸಾಹೇಬ ಕೈ ಹಿಂದೆಳೆದು ಹೋ ಎಂದು ನಕ್ಕ. ಕೆಂಪು ಕಣ್ಣಿನ ಡಬ್ಬಿ ಅವನ ಕಡೆ ಉಳಿಯಿತು, ಕತ್ತಲೆಯ ಡಬ್ಬಿ ಮಾಳುವಿನ ಚೀಲ ಸೇರಿತು. ಮೇಲಾಗಿ ಕಾಕಾಸಾಹೇಬ ಗಲ್ಲಾಪೆಟ್ಟಿಗೆಯಿಂದ ಕೆಲವು ನೋಟು ಎಣಿಸಿ ಮಡಚಿ ಮಾಳುವಿನ ಕಿಸೆಗೆ ತುರುಕಿದ, ಚಹಾ ತರಿಸಿದ.

“ಎಷ್ಟಕ್ಕಾತಪ್ಪಾ?” ಬಸ್ಸಿನಲ್ಲಿ ಸಪನಾ ಕೇಳಿದಳು.

“ಟವೆಲ್ಲಿನ ಕೆಳಗಿಂದು ಮ್ಯಾಲ ಹೇಳಬಾರದು.”

“ಅವ್ವಗೂ?”

“ಅಕಿಗಿ ಮದಲ ಹೇಳಬಾರದು.”

ಮನೆ ಮುಟ್ಟಿದಾಗ ಮೇಯಲು ಹೋದ ಕುರಿಗಳು ಇನ್ನೂ ಮರಳಿರಲಿಲ್ಲ, ಅಂಗಳ ಖಾಲಿ. ಲಗಮಣ್ಣ ಆಗಲೇ ಬಂದು ಕೂತಿದ್ದ. ಯಂತ್ರ ಡಿಸ್ಕನ್ನು ಒಮ್ಮೆ ಉಗುಳಿತು. ಎರಡು ಸಲ. ನಾಲ್ಕು ಸಲ. ಮಾಳು ಎದ್ದು ಹೊರಗೆ ಹೋಗಿ ನಿಂತ. ಆರನೆಯ ಸಲಕ್ಕೆ ಒಳಗಿನಿಂದ ಯಾರೋ ಗಂಟಲು ಸರಿಮಾಡಿಕೊಂಡ ಸದ್ದು ಬಂತು, ಆಮೇಲೆ: “ಏ ಮಾಳ್ಯಾ, ಡೊಳ್ಳ ಸನೇಕ ತಗೊಂಡ ಕುಂದರಲೇ.”

ಮಾಳು ಓಡಿ ಬಂದು ಹೊಸ್ತಿಲಲ್ಲೇ ಕೂತ. ಅಪ್ಪ ಕರೆದದ್ದು ಅವನನ್ನೇ, ಇಪ್ಪತ್ತೊಂದರ ವಯಸ್ಸಿನ ಅವನನ್ನು. ಅಕ್ಕುತಾಯಿಯ ಕೈಯಲ್ಲಿ ಉಣ್ಣೆ ಹಾಗೇ ನಿಂತಿತು. “ಅಂವಾ ಬೀಡಿ ಸೇದಿ ಕುಂತಾನ, ದನಿ ಕೇಳಿದ್ರ ಗೊತ್ತಾಕ್ಕೈತಿ,” ಎಂದಳು.

ಪದ ಸಾಗಿತು. ಹಿಂಡು ಹೊಳೆಗಿಳಿಯಿತು, ಮಂಜು ಮುಸುಕಿತು, ನೀರು ಕುತ್ತಿಗೆ ಮುಟ್ಟಿತು. ಎಲ್ಲರೂ ಲ್ಯಾಪ್‌ಟಾಪಿನ ಕಡೆ ಬಗ್ಗಿದರು. ಅಷ್ಟರಲ್ಲಿ ದಬದಬ ದಬದಬ ಎಂದು ಡೊಳ್ಳು ಆರ್ಭಟಿಸಿತು. ಹುಡುಗ ಮಾಳುವಿಗೆ ಕತೆಯ ಜೋರು ತಲೆಗೇರಿ, ಮೈಕು ಪಕ್ಕದಲ್ಲಿರುವುದನ್ನೂ ಮರೆತು ಬಡಿಯತೊಡಗಿದ್ದ. ಅಪ್ಪನ ದನಿ ಅದರ ಕೆಳಗೆ ಎಲ್ಲೋ ಮುಳುಗಿ ಏಳುತ್ತಿತ್ತು.

“ನಾನ!” ಎಂದು ಮಾಳು ಹಣೆ ಹಿಡಿದುಕೊಂಡ. “ಹಾಳಾದಾವ ನಾನ!”

“ತಡ್ಯಪ್ಪಾ,” ಎಂದಳು ಸಪನಾ. ಮೊದಲು ಪೂರ್ತಿ ಡಿಸ್ಕನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ಆಮೇಲೆ ಪರದೆಯ ಮೇಲಿನ ಗೀಟುಗಳನ್ನು ಎಳೆದು ದಪ್ಪ ಸದ್ದನ್ನು ಕೆಳಗೆ ಒತ್ತಿದಳು, ಒಂದು ಸಲ, ಇನ್ನೊಂದು ಸಲ. ಡೊಳ್ಳು ದೂರದ ಊರಿಗೆ ಹೋದ ಹಾಗೆ ಸಣ್ಣಗಾಯಿತು. ಸತ್ತೆಪ್ಪ ಮೇಲೆದ್ದು ಬಂದ:

ಕಾಲಿಗಿ ಉಸುಕ ಹತ್ತಿತೊ ಕಣ್ಣಿಗಿ ದಂಡಿ ಹತ್ತಿತೊ
ಹೆಗಲ ಮ್ಯಾಲಿನ ಮರಿಯ ಇಳಿಸ್ಯಾಳೊ ತಂಗಿ

“ಏರ್‍ಯಾಳ!” ಲಗಮಣ್ಣ ತೊಡೆ ಬಡಿದುಕೊಂಡ. “ದಂಡಿ ಏರ್‍ಯಾಳಲೇ!”

ಮಾಳು ಸಪನಾಳ ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮತ್ತೆ ಕೇಳಿದ, ಮತ್ತೆ ಬರೆದ. ಕೊನೆಗೆ ಒಂದೇ ನುಡಿ ಉಳಿಯಿತು. ನೀರು ಕುತ್ತಿಗೆ ಮುಟ್ಟಿದ್ದಕ್ಕೂ ಕಾಲಿಗೆ ಉಸುಕು ಹತ್ತಿದ್ದಕ್ಕೂ ನಡುವಿನದು. ಎಷ್ಟು ಒತ್ತಿದರೂ ಅದು ಡೊಳ್ಳಿನ ಕೆಳಗಿಂದ ಏಳಲೇ ಇಲ್ಲ. ಹುಡುಗಿ ದಂಡೆಗೆ ಬಂದಳು ನಿಜ, ಹೇಗೆ ಬಂದಳು? ಲಗಮಣ್ಣನನ್ನು ಕೇಳಿದರೆ “ದೇವರ ಕೈ ಹಿಡದಿರಬೇಕು” ಎಂದ.

“ದೇವರ್‍ಯಾಕ ಹಿಡೀತಾನ ಬಿಡೊ,” ಎಂದಳು ಅಕ್ಕುತಾಯಿ, ಉಣ್ಣೆಯಿಂದ ತಲೆ ಎತ್ತದೆ. “ಹೆಗಲ ಮ್ಯಾಲ ಮರಿ ಐತಂತ ಅಂವನ ಹೇಳ್ಯಾನಲ್ಲ. ಮರಿ ಕಿವಿ ಹಿಂಡಬೇಕು.”

ಎಲ್ಲರೂ ಅವಳ ಕಡೆ ತಿರುಗಿದರು.

“ಮಂಜಿನ್ಯಾಗ ದಂಡಿ ಕಾಣಲಿಲ್ಲಂದ್ರ ಮರಿ ಕಿವಿ ಹಿಂಡಬೇಕು. ಮರಿ ಒದರತೈತಿ. ಆಚೀ ದಂಡ್ಯಾಗ ಅದರ ತಾಯಿ ಓ ಅಂತೈತಿ. ಆ ದನಿ ಬಂದ ಕಡೆ ನಡೀಬೇಕು. ನಿಮ್ಮಪ್ಪನ್ನೂ ಒಂದ ಸಲಾ ಹಂಗ ದಾಟಿಸೇನಿ ನಾ.”

“ಅವ್ವಾ, ಈ ಪದಾ ನಿನಗ ಬರತಿತ್ತೇನ?”

“ಪದಾ ಯಾರಿಗ್ ಬರ್ತೈತೊ. ನಾ ಹೊಳಿ ದಾಟಿದಾಕಿ.”

ಮಾಳು ಪೆನ್ನು ಹಿಡಿದು ಬಹಳ ಹೊತ್ತು ಕೂತ. ಬಾಯಲ್ಲೇ ಗುನುಗಿದ, ಬೆರಳಿನಿಂದ ನೆಲ ತಟ್ಟಿದ, ಅಳಿಸಿದ, ಬರೆದ.

ಹೆಗಲ ಮರಿಯ ಕಿವಿಯ ಹಿಂಡ್ಯಾಳೊ ತಾಯಿಕುರಿ ಓ ಅಂದಿತೊ
ದನಿಯ ಹಿಂದ ಹೆಜ್ಜಿ ಇಟ್ಟಾಳೊ ತಂಗಿ

“ಕುಂಡ್ರತೈತಿ,” ಎಂದ ಲಗಮಣ್ಣ ಕಣ್ಣು ಮುಚ್ಚಿ ತಾಳ ಹಾಕಿ ನೋಡಿ. ಆಮೇಲೆ ಕಣ್ಣು ಬಿಟ್ಟ. “ಖರೇ ಮಾಳ್ಯಾ, ಯಾರರೆ ಎದ್ದು ಕೇಳಿದ್ರ? ಈ ಒಂದ ನುಡಿ ಯಾರದಂತ ಹೇಳ್ತಿ?”

“ಸತ್ತೆಪ್ಪನ ಹೆಣ್ತಿದು ಅಂತೇನಿ.”

“ಯಾಕ, ನನಗ ಹೆಸರಿಲ್ಲೇನೊ?” ಎಂದಳು ಮುದುಕಿ. “ಅಕ್ಕುತಾಯಿದು ಅನ್ನು.”

ಮಾಳು ಡೊಳ್ಳು ಇಳಿಸಿ ತಂದ. ಈ ಸಲ ಕೈ ಹಗುರ ಮಾಡಿ ಬಡಿದ. ಮೊದಲಿನಿಂದ ಹಿಡಿದು ಹಾಡಿದ. ಸಪನಾ ಲ್ಯಾಪ್‌ಟಾಪನ್ನು ಮುಚ್ಚಿ ಕೇಳುತ್ತ ಕೂತಳು. ಮಂಜು ಮುಸುಕಿದಾಗ ಹಳೆಯ ರೂಢಿಗೆ ಅವನ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಮುಂದೆ ಹೋಯಿತು. ಮರಿ ಒದರಿತು, ತಾಯಿ ಓ ಎಂದಿತು, ಹುಡುಗಿ ದಂಡೆ ಏರಿದಳು.

ಪದ ನಿಂತಾಗ ಸುಗಂಧಾ ರೊಟ್ಟಿ ಬಡಿದ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು.

“ಪಾಪ, ಮೈಯೆಲ್ಲಾ ತೊಯ್ದಿರಬೇಕು ಅಕಿದು,” ಎಂದಳು. “ಏಳ್ರಿ, ಬಿಸಿ ರೊಟ್ಟಿ ಮಾಡೇನಿ, ಉಣ್ಣಾಕ ಬರ್‍ರಿ.”